ಕೋಡ್ ಕೇಳಲು ಹೋದರೆ ಮೊದಲು ಚೀಲದ ಲೇಬಲ್ ಕೇಳಿದರು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಗಲ್ಲಿಯಲ್ಲಿ, ಮೊದಲನೇ ಮಹಡಿಯಲ್ಲಿರುವ ಹೊರದೇಶದ ಮಾಲಿಗೆ ಕಸ್ಟಮ್ಸ್ ಕೋಡ್ ಯಾವುದು ಅಂತ ಹೇಳುವ ಈ ಆಮದು-ರಫ್ತು ಸಲಹೆ ಆಫೀಸಿಗೆ ನಾನು ಇಲ್ಲಿಯವರೆಗೆ ನಾಲ್ಕು ಸಲ ಹೋಗಿದ್ದೇನೆ. ರಿವ್ಯೂ ಬರೀತೀನಿ ಅಂತ ಅವರಿಗೆ ಮಾತು ಕೊಟ್ಟು ಆರು ತಿಂಗಳಾಯಿತು, ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಆದರೆ ಬೀದರ್, ಹುಮನಾಬಾದ್, ಯಾದಗಿರಿಯ ಕಡೇಚೂರು ಕಡೆ ಹೊರದೇಶದಿಂದ ಕೆಮಿಕಲ್ ತರಿಸುವವರು ದಯವಿಟ್ಟು ಪೂರ್ತಿ ಓದಿ. ಇದನ್ನು ನನಗೆ ಯಾರಾದರೂ ಎರಡು ವರ್ಷ ಮೊದಲು ಹೇಳಿದ್ದರೆ ಒಂದು ಕಂಟೇನರಿನ ದುಡ್ಡು ಉಳಿಯುತ್ತಿತ್ತು.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಯೂನಿಟ್ ಇದೆ. ಕೋಳಿ ಮತ್ತು ದನದ ಫೀಡಿಗೆ ಬೆರೆಸುವ ಆಸಿಡ್ ಪುಡಿ ಮಾಡುತ್ತೇವೆ. ಮಳೆಗಾಲದಲ್ಲಿ ಫೀಡಿಗೆ ಬೂಷ್ಟು ಹಿಡಿಯಬಾರದು ಅಂತ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುತ್ತೇವೆ. ಕೋಳಿಯ ಹೊಟ್ಟೆ ಸರಿ ಇರಲಿ ಅಂತ ಫ್ಯೂಮಾರಿಕ್ ಆಸಿಡ್, ಲ್ಯಾಕ್ಟಿಕ್ ಆಸಿಡ್. ಇವು ಕರುಳಿಗೆ ಮುಟ್ಟುವ ಮೊದಲೇ ಕರಗಿ ಹೋಗಬಾರದು ಅಲ್ವಾ, ಅದಕ್ಕೆ ಮೇಲೆ ಮೇಣದ ಹಾಗೆ ಒಂದು ಪದರ ಕೊಡುತ್ತೇವೆ. ಆ ಪದರಕ್ಕೆ ಬೇಕಾಗುವುದು ಸ್ಟಿಯರಿಕ್ ಆಸಿಡ್. ಬಿಳಿ ಮಣಿಗಳ ಹಾಗೆ 25 ಕಿಲೋ ಚೀಲದಲ್ಲಿ ಬರುತ್ತದೆ. ಮಲೇಷ್ಯಾದಿಂದ ತರಿಸುತ್ತೇವೆ, ಅಲ್ಲಿ ತಾಳೆ ಎಣ್ಣೆಯಿಂದ ಮಾಡುತ್ತಾರೆ.

ಎಡವಟ್ಟಾಗಿದ್ದು ಈ ಸ್ಟಿಯರಿಕ್ ಆಸಿಡ್‌ನಲ್ಲೇ.

ಆಗ ನಾನು ಬೇರೆ ಊರಿನ ಒಬ್ಬ ಏಜೆಂಟರ ಕೈಗೆ ಎಲ್ಲ ಕಾಗದ ಕೊಟ್ಟು ಸುಮ್ನೆ ಇದ್ದೆ. ಅವರು ಇನ್ವಾಯ್ಸ್ ಮೇಲೆ 'ಸ್ಟಿಯರಿಕ್ ಆಸಿಡ್' ಅಂತ ಓದಿದರು, ಯಾವ ಮಾಲಿಗೆ ಯಾವ ಕೋಡ್, ಎಷ್ಟು ಸುಂಕ ಅಂತ ಪಟ್ಟಿ ಇರುವ ಟಾರಿಫ್ ಪುಸ್ತಕದಲ್ಲಿ ಅದೇ ಹೆಸರು ಹುಡುಕಿದರು, 2915.70 ಅಂತ ಸಿಕ್ಕಿತು, ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಮಾಲು ಬಿಡಿಸಲು ಕಸ್ಟಮ್ಸ್‌ಗೆ ಕೊಡುವ ಕಾಗದದಲ್ಲಿ, ಅದನ್ನೇ ತುಂಬಿದರು. ಆದರೆ ಮಲೇಷ್ಯಾದವರು ಕಳಿಸಿದ ಮೂಲದೇಶದ ಸರ್ಟಿಫಿಕೇಟ್, ಅಂದರೆ ಆಸಿಯಾನ್ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದ ಫಾರ್ಮ್ ಎಐ, ಅದರಲ್ಲಿ 3823.11 ಅಂತ ಇತ್ತು. ಒಂದೇ ಮಾಲು, ಎರಡು ಕಾಗದ, ಎರಡು ಕೋಡ್. ಅಧಿಕಾರಿಗಳು ಪ್ರಶ್ನೆ ಎತ್ತಿದರು, ಎತ್ತಲೇಬೇಕಿತ್ತು. ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಮಾಲು 19 ದಿನ ಬಂದರಿನಲ್ಲೇ ನಿಂತಿತು. ಕಂಟೇನರ್ ಬಾಡಿಗೆ ಬೇರೆ, ಜಾಗದ ಬಾಡಿಗೆ ಬೇರೆ. ಈ ಕಡೆ ಫ್ಯಾಕ್ಟರಿಯಲ್ಲಿ ಮಿಕ್ಸರ್ ನಿಂತಿದೆ, ಆರು ಜನ ಖಾಲಿ ಕೂತಿದ್ದಾರೆ, ಬಸವಕಲ್ಯಾಣದ ಕೋಳಿ ಫಾರ್ಮಿನವರು ದಿನಾ ಫೋನ್ ಮಾಡುತ್ತಿದ್ದಾರೆ. ಏಜೆಂಟರಿಗೆ ಫೋನ್ ಮಾಡಿದರೆ 'ನೀವು ಕೊಟ್ಟ ಹೆಸರೇ ಹಾಕಿದ್ದೇನೆ' ಅಂದರು. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಕಾನೂನಿನ ಪ್ರಕಾರ ಜವಾಬ್ದಾರಿ ನನ್ನದೇ. ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿನಲ್ಲಿ ಸ್ವಯಂ ನಿರ್ಧಾರ ಅಂತ ಇದೆ. 2011ರಿಂದ ಮಾಲು ತರಿಸುವವನೇ ತನ್ನ ಮಾಲಿನ ಕೋಡ್, ಬೆಲೆ, ಸುಂಕ ಎಲ್ಲ ಹೇಳಬೇಕು. ಏಜೆಂಟ್ ಕೈ ಮಾತ್ರ, ತಲೆ ನಮ್ಮದು.

ಹುಮನಾಬಾದಿನ ಸ್ನೇಹಿತರೊಬ್ಬರು ಈ ಆಫೀಸಿನ ವಿಷಯ ಹೇಳಿದರು. ಬೀದರಿನಿಂದ ರೈಲು ಹತ್ತಿದೆ. 2017ರಲ್ಲಿ ಈ ಲೈನ್ ಶುರುವಾದ ಮೇಲೆ ನಮ್ಮಂಥವರಿಗೆ ಕಲಬುರಗಿ ಬಹಳ ಹತ್ತಿರ ಆಗಿದೆ. ಕೈಯಲ್ಲಿ ಒಂದು ಫೈಲು, ಅಷ್ಟೇ. ಮನಸ್ಸಿನಲ್ಲಿ ಇದ್ದದ್ದು ಒಂದೇ: ನನ್ನ ಐದು ಐಟಂಗೆ ಐದು ಕೋಡ್ ಬರೆಸಿಕೊಂಡು ಮಧ್ಯಾಹ್ನದ ಗಾಡಿಗೆ ವಾಪಸ್ ಬರಬೇಕು.

ಎರಡು ರೂಮಿನ ಆಫೀಸು. ಗೋಡೆಗೆ ತುಂಬ ಫೈಲು. ನಡೆಸುವವರು ಒಬ್ಬ ಹಿರಿಯ ಹೆಣ್ಣುಮಗಳು, ಕೆಮಿಸ್ಟ್ರಿ ಓದಿದವರು. ಎಲ್ಲರೂ ಅಕ್ಕಾರ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. 'ಅಕ್ಕಾರ, ಸ್ಟಿಯರಿಕ್ ಆಸಿಡ್ ಕೋಡ್ ಯಾವ್ದರಿ?' ಅಂದೆ.

'ಕೋಡ್ ಆಮ್ಯಾಗ ಹೇಳ್ತೀನ್ರಿ ಅಣ್ಣಾರ. ಮೊದಲ ಚೀಲದ ಲೇಬಲ್ ತೋರಸ್ರಿ.'

ಲೇಬಲ್ ನನ್ನ ಹತ್ತಿರ ಇರಲಿಲ್ಲ. ಅಲ್ಲೇ ಕೂತು ಫ್ಯಾಕ್ಟರಿಗೆ ಫೋನ್ ಮಾಡಿ ಫೋಟೋ ತರಿಸಿಕೊಂಡೆ. ಸಿಒಎ ಇತ್ತು, ಅಂದರೆ ಪ್ರತಿ ಬ್ಯಾಚಿನ ಜೊತೆ ಕಂಪನಿ ಕೊಡುವ ಟೆಸ್ಟ್ ರಿಪೋರ್ಟ್. ಅವರು ಕನ್ನಡಕ ಹಾಕಿಕೊಂಡು ಪೆನ್ಸಿಲಿನ ತುದಿಯಿಂದ ಒಂದೊಂದೇ ಸಾಲು ಓದುತ್ತಾ ಬಂದರು. ಒಂದು ಕಡೆ ಪೆನ್ಸಿಲ್ ನಿಂತಿತು. ಸಿ-16 ಮುಂದೆ 52, ಸಿ-18 ಮುಂದೆ 45. ಸಿ-16 ಅಂದರೆ ಪಾಮಿಟಿಕ್ ಆಸಿಡ್, ಸಿ-18 ಅಂದರೆ ಸ್ಟಿಯರಿಕ್ ಆಸಿಡ್. ಹೆಸರು ಸ್ಟಿಯರಿಕ್, ಒಳಗೆ ಅರ್ಧಕ್ಕಿಂತ ಜಾಸ್ತಿ ಪಾಮಿಟಿಕ್! ನಾಲ್ಕು ವರ್ಷದಿಂದ ಈ ಕಾಗದ ನನ್ನ ಫೈಲಿನಲ್ಲಿ ಬರುತ್ತಿದೆ, ನಾನು ಆ ಸಾಲು ಒಂದು ದಿನವೂ ನೋಡಿರಲಿಲ್ಲ.

'ಜ್ವಾಳದ ಹಿಟ್ಟಿನಾಗ ಅರ್ಧ ಗೋಧಿ ಹಿಟ್ಟು ಕೂಡಿಸಿದ್ರ ಜ್ವಾಳದ ಹಿಟ್ಟು ಅಂತೀರೇನ್ರಿ?' ಅಂದರು. 'ಮಾಲು ಛಲೋನೇ ಅದ. ಹೆಸರು ಬ್ಯಾರೆ ಅಷ್ಟ.'

ನಿಯಮ ಹೀಗಿದೆ. ಟಾರಿಫಿನ 29ನೇ ಅಧ್ಯಾಯ ಒಂದೇ ಒಂದು ಗೊತ್ತಾದ ರಾಸಾಯನಿಕಕ್ಕೆ ಸೇರಿದ್ದು. ಒಂದು ಪದಾರ್ಥ, ಒಂದು ರಚನೆ. ಅಲ್ಪಸ್ವಲ್ಪ ಕಲ್ಮಶ ಇದ್ದರೆ ನಡೆಯುತ್ತದೆ. ಸ್ಟಿಯರಿಕ್ ಆಸಿಡ್ ನೀರಿನಂಶ ಬಿಟ್ಟು ಲೆಕ್ಕ ಹಾಕಿದಾಗ 90% ಅಥವಾ ಅದಕ್ಕಿಂತ ಹೆಚ್ಚು ಶುದ್ಧವಾಗಿದ್ದರೆ 2915ಕ್ಕೆ ಹೋಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ 3823, ಕೈಗಾರಿಕೆಗೆ ಬಳಸುವ ಕೊಬ್ಬಿನ ಆಮ್ಲಗಳ ಜಾಗ. ಓಲಿಕ್ ಆಸಿಡ್‌ಗೆ ಈ ಗೆರೆ 85%. ಇದು ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣೆ ಟಿಪ್ಪಣಿಯಲ್ಲಿ ಬರೆದಿರುವ ಮಾತು, ಅಕ್ಕಾರು ಪುಸ್ತಕ ತೆಗೆದು ಆ ಪುಟವನ್ನೇ ತೋರಿಸಿದರು. ಅಂದರೆ ಮಲೇಷ್ಯಾದವರು ಬರೆದಿದ್ದೇ ಸರಿ ಇತ್ತು. ತಪ್ಪು ನಮ್ಮ ಕಡೆಯದು. ಬೆಳಿಗ್ಗೆಯವರೆಗೂ ನಾನು ಅವರಿಗೇ ಬೈಯುತ್ತಾ ಇದ್ದೆ.

ಈ ಒಂದು ವಿಷಯಕ್ಕೇ ನಾನು ಈ ಆಫೀಸಿಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಮಾಲಿನ ಹೆಸರು ಕೇಳಿ ಕೋಡ್ ಹೇಳುವವರು ನೂರು ಜನ ಸಿಗುತ್ತಾರೆ, ಮೊಬೈಲಿನಲ್ಲೇ ಸಿಗುತ್ತದೆ. ಮಾಲು ಏನು ಅಂತ ನೋಡಿ ಹೇಳುವವರು ಬೇಕು.

ಆವತ್ತು ಮಧ್ಯಾಹ್ನದ ಗಾಡಿ ತಪ್ಪಿತು, ಸಂಜೆವರೆಗೆ ಕೂತೆ. ಅವರ ಟೇಬಲ್ ಮೇಲೆ ನನ್ನ ಬೇರೆ ಐಟಂಗಳೂ ಒಂದೊಂದಾಗಿ ಬಿಚ್ಚಿಕೊಂಡವು. ಕೇಳುತ್ತಾ ಹೋದರೆ ಈ ಆಸಿಡ್‌ಗಳ ಲೋಕ ಎಷ್ಟು ಅಚ್ಚುಕಟ್ಟಾಗಿದೆ ಅಂತ ಅನ್ನಿಸಿತು. ಅಣುವಿನ ಆಕಾರ ನೋಡಿಯೇ ಮನೆ ಹಂಚಿದ್ದಾರೆ. ಫಾರ್ಮಿಕ್, ಅಸಿಟಿಕ್, ಪ್ರೊಪಿಯೊನಿಕ್, ಇಂಥ ಸರಳ ಆಸಿಡ್‌ಗಳು 2915. ಬೆಂಜೋಯಿಕ್ 2916. ಒಂದೇ ಅಣುವಿನಲ್ಲಿ ಎರಡು ಅಥವಾ ಹೆಚ್ಚು ಆಸಿಡ್ ಗುಂಪು ಇರುವ ಆಕ್ಸಾಲಿಕ್, ಅಡಿಪಿಕ್, ಫ್ಯೂಮಾರಿಕ್ 2917. ಆಸಿಡ್ ಗುಂಪಿನ ಜೊತೆ ಬೇರೆ ಆಮ್ಲಜನಕದ ಗುಂಪೂ ಇದ್ದರೆ 2918. ಲ್ಯಾಕ್ಟಿಕ್, ಸಿಟ್ರಿಕ್, ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಎಲ್ಲ ಅಲ್ಲಿ. ಕ್ಯಾಲ್ಸಿಯಂ ಪ್ರೊಪಿಯೊನೇಟ್ ಲವಣ ಆದರೂ ಪ್ರೊಪಿಯೊನಿಕ್ ಆಸಿಡ್ ಜೊತೆಗೇ 2915.50ರಲ್ಲಿ ಇದೆ. ನಾನು ತರಿಸುವ ಲ್ಯಾಕ್ಟಿಕ್ ಆಸಿಡ್ 80% ಇರುತ್ತದೆ, ಉಳಿದದ್ದು ನೀರು. ನೀರು ಬೆರೆತಿದೆಯಲ್ಲ, ಇದೂ ಬೆರಕೆ ಆಯಿತಾ ಅಂತ ಹೆದರಿಕೆಯಿಂದ ಕೇಳಿದೆ. ಇಲ್ಲ, ನೀರಿನಲ್ಲಿ ಕರಗಿಸಿದ್ದಕ್ಕೆ ಅಧ್ಯಾಯದ ಮೊದಲನೇ ಟಿಪ್ಪಣಿಯಲ್ಲೇ ಅವಕಾಶ ಇದೆ, 2918.11ರಲ್ಲೇ ಉಳಿಯುತ್ತದೆ ಅಂದರು. ಗಂಟು ಕಟ್ಟದ ಹಾಗೆ ಹಾಕುವ ಪದಾರ್ಥಕ್ಕೂ ಅವಕಾಶ ಇದೆ, ಮಾಲು ಕೆಡದಂತೆ ಇಡಲು ಅಥವಾ ಸಾಗಿಸಲು ಅದು ಬೇಕಿದ್ದರೆ.

ಆಸಿಡ್ ಅಂತ ಹೆಸರಿದ್ದ ಮಾತ್ರಕ್ಕೆ ಈ ನಾಲ್ಕು ಮನೆಯಲ್ಲೇ ಇರಬೇಕು ಅಂತಿಲ್ಲ. ನಮ್ಮ ಫೀಡಿನವರು ದಿನಾ ಬಳಸುವ ನಿಕೋಟಿನಿಕ್ ಆಸಿಡ್, ಫೋಲಿಕ್ ಆಸಿಡ್, ಅಸ್ಕಾರ್ಬಿಕ್ ಆಸಿಡ್ ಮೂರೂ ವಿಟಮಿನ್‌ಗಳು. ಅವು 2936. ಕಾರ್ಬಾಲಿಕ್ ಆಸಿಡ್ ಅಂದರೆ ಫೀನಾಲ್, 2907. ಔಷಧ ಕಂಪನಿಯವರು ತರಿಸುವ ಮೀಥೇನ್ ಸಲ್ಫೋನಿಕ್ ಆಸಿಡ್ 2904. ಅಮೈನೊ ಆಸಿಡ್‌ಗಳಲ್ಲಿ ಹೆಚ್ಚಿನವು 2922. ಅದೇ ಅಧ್ಯಾಯದಲ್ಲಿ ಎರಡು ಕಡೆ ಕೂರಬಹುದಾದ ಪದಾರ್ಥ ಬಂದರೆ ನಂಬರಿನಲ್ಲಿ ಕೊನೆಗೆ ಬರುವುದನ್ನು ತೆಗೆದುಕೊಳ್ಳಬೇಕು ಅಂತ ಮೂರನೇ ಟಿಪ್ಪಣಿ ಹೇಳುತ್ತದೆ. ಅಸಿಟಿಕ್ ಅನ್‌ಹೈಡ್ರೈಡ್ ತರಿಸುವವರಿಗೆ ಕೋಡ್ ಒಂದೇ ಸಾಲದು. ಅದು ಮಾದಕ ದ್ರವ್ಯ ಮಾಡಲು ದುರ್ಬಳಕೆ ಆಗುವ ಪದಾರ್ಥ, ಗ್ವಾಲಿಯರಿನ ನಾರ್ಕೋಟಿಕ್ಸ್ ಕಮಿಷನರ್ ಅವರ ನಿರಾಕ್ಷೇಪಣಾ ಪತ್ರವೂ ಬೇಕು. ನಾನು ಅದನ್ನು ತರಿಸುವುದಿಲ್ಲ, ಆದರೂ ಅಕ್ಕಾರು ಕೇಳಿ ಖಾತ್ರಿ ಮಾಡಿಕೊಂಡರು.

ಎರಡನೇ ಸಲ ಹೋದಾಗ ನಡೆದದ್ದು ಇನ್ನೂ ಸಣ್ಣ ವಿಷಯ, ಆದರೆ ನನ್ನ ಎದೆ ಹೊಡೆದುಕೊಂಡಿತು. ಹೊಸ ಸಪ್ಲೈಯರ್ ಒಬ್ಬರಿಂದ ಫ್ಯೂಮಾರಿಕ್ ಆಸಿಡ್ ತರಿಸಲು ಹೊರಟಿದ್ದೆ. ಇನ್ವಾಯ್ಸ್ ಕರಡು ತೋರಿಸಿದೆ. ಕೆಮಿಕಲ್‌ಗಳಿಗೆ ಸಿಎಎಸ್ ನಂಬರ್ ಅಂತ ಒಂದು ಇರುತ್ತದೆ, ನಮ್ಮ ಆಧಾರ್ ನಂಬರಿನ ಹಾಗೆ, ಒಂದು ಪದಾರ್ಥಕ್ಕೆ ಒಂದೇ. ಬಿಲ್ ಆಫ್ ಎಂಟ್ರಿಯಲ್ಲಿ ಅದನ್ನೂ ಕೊಡಬೇಕು. ಕರಡಿನಲ್ಲಿ 110-16-7 ಅಂತ ಇತ್ತು. ಅಕ್ಕಾರು ಪೆನ್ಸಿಲಿನಿಂದ ಸುತ್ತು ಹಾಕಿದರು. ಫ್ಯೂಮಾರಿಕ್ 110-17-8. ಕರಡಿನಲ್ಲಿ ಇದ್ದದ್ದು ಮ್ಯಾಲೆಯಿಕ್ ಆಸಿಡ್‌ನ ನಂಬರ್. ಎರಡರ ಸೂತ್ರವೂ ಒಂದೇ, ನಾಲ್ಕು ಇಂಗಾಲ, ನಾಲ್ಕು ಜಲಜನಕ, ನಾಲ್ಕು ಆಮ್ಲಜನಕ. ಅಣುವಿನ ಒಳಗೆ ಗುಂಪುಗಳು ಒಂದೇ ಬದಿಗೆ ಇವೆಯೋ ಎದುರು ಬದಿಗೆ ಇವೆಯೋ ಅನ್ನುವುದಷ್ಟೇ ವ್ಯತ್ಯಾಸ. ಆರು ಅಂಕಿಯ ಕೋಡ್ ಎರಡಕ್ಕೂ ಒಂದೇ, 2917.19. ಹಾಗಾಗಿ ಕೋಡ್ ಒಂದನ್ನೇ ನೋಡುವವರ ಕಣ್ಣಿಗೆ ಇದು ಬೀಳುತ್ತಲೇ ಇರಲಿಲ್ಲ. ಆದರೆ ಫ್ಯೂಮಾರಿಕ್ ಕೋಳಿಯ ಹೊಟ್ಟೆಗೆ ಹೋಗುವಂಥದ್ದು, ಮ್ಯಾಲೆಯಿಕ್ ಅಲ್ಲ. ಸಪ್ಲೈಯರಿಗೆ ಬರೆದು ಕೇಳಿದೆವು. ಟೈಪ್ ಮಾಡುವಾಗಿನ ತಪ್ಪು, ಮಾಲು ಫ್ಯೂಮಾರಿಕ್ಕೇ ಅಂತ ಉತ್ತರ ಬಂತು, ತಿದ್ದಿದ ಇನ್ವಾಯ್ಸ್ ಬಂತು. ನಾನು ಆ ಬ್ಯಾಚನ್ನು ಇಲ್ಲಿ ಮತ್ತೊಮ್ಮೆ ಟೆಸ್ಟ್ ಮಾಡಿಸಿಯೇ ಬಳಸಿದೆ.

ಸಪ್ಲೈಯರ್ ಕೊಟ್ಟ ಕೋಡನ್ನೇ ಕಣ್ಣು ಮುಚ್ಚಿ ತುಂಬುವ ಅಭ್ಯಾಸ ಬಹಳ ಜನಕ್ಕೆ ಇದೆ. 1988ರಿಂದ ಜಾರಿಯಲ್ಲಿರುವ ಈ ಕೋಡ್ ಪದ್ಧತಿಯಲ್ಲಿ ಮೊದಲ ಆರು ಅಂಕಿ ಮಾತ್ರ ಎಲ್ಲ ದೇಶಕ್ಕೂ ಒಂದೇ. ಮುಂದಿನದು ಆಯಾ ದೇಶದ್ದು. ನಮ್ಮಲ್ಲಿ ಎಂಟು ಅಂಕಿ, ಅಮೆರಿಕದಲ್ಲಿ ಹತ್ತು. ಹಾಗಾಗಿ ಅವರ ಕೊನೆಯ ಅಂಕಿಗಳು ನಮಗೆ ಉಪಯೋಗಕ್ಕಿಲ್ಲ, ಮೊದಲ ಆರನ್ನೂ ನಾವೇ ಮಾಲು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಈಗ ನಡೆಯುತ್ತಿರುವುದು 2022ರ ಆವೃತ್ತಿ, ಮುಂದಿನದು 2028ರ ಜನವರಿ 1ಕ್ಕೆ ಬರುತ್ತದೆ. ಆಗ ಹಳೆಯ ಫೈಲುಗಳನ್ನೆಲ್ಲ ಮತ್ತೆ ತೆಗೆಯಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.

ಇನ್ನು ಇವರು ಏನು ಕೊಡುತ್ತಾರೆ ಅಂದರೆ, ಬಾಯಿ ಮಾತಲ್ಲ. ಪ್ರತಿ ಐಟಂಗೂ ಎರಡು ಪುಟದ ಬರಹ. ಮಾಲು ಏನು, ಯಾವ ಟಿಪ್ಪಣಿ ಅನ್ವಯ ಆಗುತ್ತದೆ, ಬೇರೆ ಯಾವ ಕೋಡ್ ಸಾಧ್ಯ ಇತ್ತು, ಅದು ಯಾಕೆ ಅಲ್ಲ, ಎಲ್ಲ ಇರುತ್ತದೆ. ಈ 'ಯಾಕೆ ಅಲ್ಲ' ಅನ್ನುವ ಭಾಗ ನನಗೆ ಬಹಳ ಇಷ್ಟ. ಬಂದರಿನಲ್ಲಿ ಪ್ರಶ್ನೆ ಬಂದರೆ ಲೈಸೆನ್ಸ್ ಇರುವ ಕಸ್ಟಮ್ಸ್ ಬ್ರೋಕರ್ ಅದೇ ಕಾಗದ ಮುಂದಿಟ್ಟು ಮಾತಾಡಬಹುದು. ಕೊನೆಗೆ ಸುಂಕದ ಲೆಕ್ಕವನ್ನೂ ಹಾಕಿ ಕೊಡುತ್ತಾರೆ. ನನ್ನ ಫ್ಯೂಮಾರಿಕ್‌ಗೆ ಹಾಕಿದ ಲೆಕ್ಕ: 10,00,000 ರೂಪಾಯಿ ಮಾಲಿಗೆ ಮೂಲ ಸುಂಕ 7.5%, ಅಂದರೆ 75,000. ಅದರ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 7,500. ಇವೆಲ್ಲ ಸೇರಿಸಿದ ಮೊತ್ತದ ಮೇಲೆ 18% ಐಜಿಎಸ್‌ಟಿ, 1,94,850. ಒಟ್ಟು 2,77,350. ಐಜಿಎಸ್‌ಟಿ ನಮಗೆ ಮುಂದೆ ಕ್ರೆಡಿಟ್ ಸಿಗುತ್ತದೆ, ನಿಜವಾಗಿ ಕೈಬಿಟ್ಟು ಹೋಗುವುದು 82,500. ಈ ಎರಡನ್ನು ಬಿಡಿಸಿ ನೋಡಿದ ಮೇಲೆಯೇ ನಾನು ನನ್ನ ಪುಡಿಯ ರೇಟ್ ಸರಿಯಾಗಿ ಹಾಕಲು ಕಲಿತೆ. ದರ ಬಜೆಟ್ಟಿಗೆ ಬದಲಾಗಬಹುದು, ತರಿಸುವ ದಿನ ನೋಡಿಕೊಳ್ಳಿ.

ಫೀಸು ನನ್ನಿಂದ ಒಂದು ಐಟಂಗೆ 1,500 ರೂಪಾಯಿ ತೆಗೆದುಕೊಂಡರು. ಬಂದರಿನಲ್ಲಿ ಒಂದು ದಿನ ಮಾಲು ನಿಂತರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಕಷ್ಟಗಳನ್ನೂ ಹೇಳಬೇಕು. ಇವರು ಬಹಳ ನಿಧಾನ. ನನ್ನ ಮೊದಲ ಬರಹ ಬರಲು ಒಂಬತ್ತು ದಿನ ಆಯಿತು, ಮಾಲು ಹಡಗಿಗೆ ಹತ್ತಿದ ಮೇಲೆ ಇವರ ಹತ್ತಿರ ಹೋದರೆ ಪ್ರಯೋಜನ ಇಲ್ಲ. ಆರ್ಡರ್ ಕೊಡುವ ಮೊದಲೇ ಹೋಗಿ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆವರೆಗೆ ಫೋನ್ ಎತ್ತುವುದಿಲ್ಲ. ಮೆಟ್ಟಿಲು ಕಿರಿದು, ವಯಸ್ಸಾದವರಿಗೆ ಕಷ್ಟ. ಏಪ್ರಿಲ್‌ನಲ್ಲಿ ಹೋಗಿದ್ದೆ, ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ, ಆ ರೂಮಿನಲ್ಲಿ ಎರಡು ಗಂಟೆ ಕೂರುವುದು ಸುಲಭ ಅಲ್ಲ. ಮಾಲು ಬಿಡಿಸುವ ಕೆಲಸ ಇವರು ಮಾಡುವುದಿಲ್ಲ, ಅದಕ್ಕೆ ಬ್ರೋಕರ್ ಬೇರೆ ಹುಡುಕಿಕೊಳ್ಳಬೇಕು. ನನಗೆ ಮೊದಲ ದಿನ ಇದು ಸ್ಪಷ್ಟವಾಗಿ ಹೇಳಿರಲಿಲ್ಲ, ಹೇಳಬೇಕಿತ್ತು.

ಒಂದು ವಿಷಯಕ್ಕೆ ಮಾತ್ರ ಇನ್ನೂ ನನಗೂ ಅಕ್ಕಾರಿಗೂ ಮಾತು ನಡೆದಿದೆ. ಒಂದು ಹೊಸ ಮಾಲು ನೋಡುತ್ತಿದ್ದೇನೆ. ಫಾರ್ಮಿಕ್ ಮತ್ತು ಪ್ರೊಪಿಯೊನಿಕ್ ಎರಡನ್ನೂ ಸಿಲಿಕಾ ಪುಡಿಗೆ ಹೀರಿಸಿ ಮಾಡಿದ್ದು. ಚೀಲದ ಮೇಲೆ ದೊಡ್ಡದಾಗಿ 'ಆರ್ಗಾನಿಕ್ ಆಸಿಡ್' ಅಂತ ಬರೆದಿದ್ದಾರೆ. ಈ ಆರ್ಗಾನಿಕ್ ಅನ್ನುವ ಪದ ನಮ್ಮ ಕಡೆ ಬಹಳ ಗೊಂದಲ ಮಾಡಿದೆ. ರೈತರು ಕೇಳಿದರೆ ಗೊಬ್ಬರ-ಔಷಧಿ ಹೊಡೆಯದ ಬೆಳೆ ಅಂದುಕೊಳ್ಳುತ್ತಾರೆ, ಇಲ್ಲಿ ಅರ್ಥ ಇಂಗಾಲದಿಂದ ಆದ ಆಸಿಡ್ ಅಂತ ಅಷ್ಟೇ. ನಾನು 29ನೇ ಅಧ್ಯಾಯ ಅಂದುಕೊಂಡಿದ್ದೆ. ಎರಡು ಆಸಿಡ್ ಕೂಡಿಸಿ, ಫೀಡಿಗೇ ಅಂತ ತಯಾರು ಮಾಡಿದ ಮೇಲೆ ಅದು 29 ಅಲ್ಲ, ಪಶು ಆಹಾರದ ತಯಾರಿಕೆಗಳಿರುವ 2309.90 ಕಡೆ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಆದರೂ ತಯಾರಿಸುವ ವಿಧಾನದ ಕಾಗದ ನೋಡದೆ ಬರೆದು ಕೊಡುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಅನುಮಾನ ಉಳಿದರೆ, ಮಾಲು ತರಿಸುವ ಮೊದಲೇ ಕೋಡ್ ತೀರ್ಮಾನಿಸಿ ಹೇಳುವ, ಮುಂಬೈಯಲ್ಲಿರುವ ಕಸ್ಟಮ್ಸ್ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಹಾಕೋಣ ಅಂದಿದ್ದಾರೆ. ಮೂರು ತಿಂಗಳ ಒಳಗೆ ತೀರ್ಪು ಕೊಡಬೇಕು ಅಂತ ಕಾನೂನಿನಲ್ಲೇ ಇದೆ, ಕಾನೂನು ಅಥವಾ ಸಂಗತಿ ಬದಲಾಗದಿದ್ದರೆ ಕೆಲವು ವರ್ಷ ನಡೆಯುತ್ತದೆ. ನನ್ನಂಥ ಸಣ್ಣ ಯೂನಿಟ್ಟಿಗೆ ಅಷ್ಟು ವರ್ಷದ ನೆಮ್ಮದಿ ಅಂದರೆ ಸಣ್ಣ ಮಾತಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೇನೆ. ಹೋಗುವವರು ಸಿಒಎ, ಇನ್ವಾಯ್ಸ್ ಕರಡು, ಚೀಲದ ಲೇಬಲ್ಲಿನ ಫೋಟೋ, ಆಗುವುದಾದರೆ ಸಣ್ಣ ಪೊಟ್ಟಣದಲ್ಲಿ ಮಾಲು, ಇಷ್ಟು ತೆಗೆದುಕೊಂಡು ಹೋಗಿ. ಸಪ್ಲೈಯರಿನಿಂದ ತಯಾರಿಕೆಯ ಕಾಗದ ನಿನ್ನೆ ರಾತ್ರಿ ಬಂದಿದೆ, ಮಂಗಳವಾರ ಮತ್ತೆ ಕಲಬುರಗಿಗೆ ಹೊರಟಿದ್ದೇನೆ.